ಬಾತುಮರಿಗಳು ತಿಂದ ಕಡಲೆಬೀಜ

ಪಲ್ಲಡಂನಿಂದ ಧಾರಾಪುರದ ದಾರಿ ಹಿಡಿದು ಪೊಂಗಲೂರು ದಾಟಿದರೆ ಎಡಗಡೆಗೆ ಒಂದು ಮಣ್ಣುರಸ್ತೆ ತಿರುಗುತ್ತದೆ. ಅದರ ಕೊನೆಯ ತೋಟದ ಮನೆಯಲ್ಲಿ ಕನ್ನಿಯಮ್ಮಾಳ್ ಬಾಳಿದಳು. ಅವಳ ಕಡೆಯವರು ಎಷ್ಟೋ ತಲೆಮಾರಿನ ಹಿಂದೆ ಬಂದು ನೆಲೆಸಿದ ಕನ್ನಡದ ಬೇಸಾಯಗಾರರು. ಹೊಸ್ತಿಲೊಳಗೆ ಕನ್ನಡ, ಹೊಸ್ತಿಲಾಚೆ ತಮಿಳು. ಕನ್ನಡದ ಅಕ್ಷರವನ್ನು ಅವಳು ಕಂಡವಳಲ್ಲ. ತಮಿಳನ್ನು ಬಸ್ಸಿನ ಬೋರ್ಡು ಓದುವಷ್ಟು ಕಲಿತಿದ್ದಳು. ಆದರೆ ಪ್ರಶ್ನೆ ಕೇಳುವುದರಲ್ಲಿ ಅವಳನ್ನು ಮೀರಿಸುವವರು ಆ ಸುತ್ತಿನಲ್ಲಿರಲಿಲ್ಲ. ಮದುವೆಯ ದಿನ ತಾಳಿ ಕಟ್ಟುವಾಗ ತಲೆಯೆತ್ತಿ, "ಗಂಟು ಮೂರೇ ಯಾಕೆ?" ಎಂದು ಕೇಳಿದಳೆಂದು ಅವಳ ಗಂಡ ಕುಪ್ಪುಸಾಮಿ ಮುದುಕನಾಗುವವರೆಗೂ ಹೇಳಿ ನಗುತ್ತಿದ್ದನು.

ಆ ಮನೆಯಲ್ಲಿ ಕಡಲೆಕಾಯಿ ಬಿಡಿಸುವುದಕ್ಕೆ ಒಂದು ಪದ್ಧತಿಯಿತ್ತು. ಸುತ್ತಲಿನವರು ಒಣಗಿದ ಕಾಯಿಯನ್ನು ಕೋಲಿನಿಂದ ಬಡಿದು ಬಿಡಿಸುತ್ತಿದ್ದರು. ಕನ್ನಿಯಮ್ಮಾಳ ಅತ್ತೆ ಬೆಳ್ಳಿಯಮ್ಮನಿಗೆ ಅದು ಹಿಡಿಸದು. ಬಡಿದರೆ ಬೀಜ ಒಡೆಯುತ್ತದೆ, ಕೆಂಪು ಸಿಪ್ಪೆ ಹಾರಿಹೋಗುತ್ತದೆ. ಆದ್ದರಿಂದ ಸಂಜೆ ಕಾಯಿಯ ರಾಶಿಗೆ ನೀರು ಚಿಮುಕಿಸಿ, ಗೋಣಿ ಹೊದಿಸಿ, ಮರುದಿನ ಬೇವಿನ ಮರದ ಕೆಳಗೆ ಕುಳಿತು ಹೆಬ್ಬೆರಳಿನಿಂದ ಒತ್ತುವುದು. ನೆನೆದ ಸಿಪ್ಪೆ ಮೆತ್ತಗೆ ಬಾಯಿ ಬಿಡುತ್ತಿತ್ತು. "ನಮ್ಮವರ ಕೈಯಲ್ಲಿ ಬಿಡಿಸಿದ ಬೀಜ ಮುತ್ತಿನ ಹಾಗೆ," ಎಂದು ಮುದುಕಿ ಬೀಗುತ್ತಿದ್ದಳು. ಗುಂಡುಬೀಜ ಬೇಗನೆ ಮಂಡಿಗೆ ಹೋಗುತ್ತಿತ್ತು. ಸುಕ್ಕುಬೀಜ ಮಾತ್ರ ಆ ತೇವದಲ್ಲೇ ಅಡುಗೆಮನೆಯ ಮೂಲೆಯ ಮಡಕೆ ಸೇರಿ, ಚಟ್ನಿಗೂ ಉಂಡೆಗೂ ಆಗುತ್ತಿತ್ತು. ಮೇಲೆ ಹಸಿರು ಹುಡಿ ಕಟ್ಟಿದ್ದರೆ ಸೆರಗಿನಿಂದ ಒರೆಸಿ ಹುರಿದರಾಯಿತು. ಯಾರೂ ಅದನ್ನು ದೊಡ್ಡದು ಮಾಡುತ್ತಿರಲಿಲ್ಲ.

ಎಂಬತ್ತರ ದಶಕದ ನಡುವಿನ ಒಂದು ವರ್ಷ ಕುಪ್ಪುಸಾಮಿ ಧಾರಾಪುರದ ಸಂತೆಯಿಂದ ಒಂದು ಬುಟ್ಟಿ ಬಾತುಮರಿಗಳನ್ನು ತಂದನು. ಆ ಒಣನೆಲದಲ್ಲಿ ಬಾತು ಸಾಕಿದವರೇ ಇಲ್ಲ. ಕನ್ನಿಯಮ್ಮಾಳ್‌ಗೆ ಹಿಗ್ಗೋ ಹಿಗ್ಗು. ಅವುಗಳ ಕಾಲಿನ ಪೊರೆಯನ್ನು ಬಿಡಿಸಿ ನೋಡಿದಳು. ಬೆನ್ನಿನ ಮೇಲೆ ನೀರು ಬಿದ್ದರೆ ಏಕೆ ಅಂಟುವುದಿಲ್ಲವೆಂದು ಕೇಳಿ ಗಂಡನ ತಲೆ ತಿಂದಳು. ಎರಡು ಮರಿಗಳನ್ನು ಪಕ್ಕದ ತೋಟದ ಚಿನ್ನತಾಯಿಗೆ ಕೊಟ್ಟು, ಉಳಿದವುಗಳಿಗೆ ಅಕ್ಕರೆಯಿಂದ ಸುಕ್ಕುಬೀಜವನ್ನು ಕುಟ್ಟಿ ಹಾಕಿದಳು.

ಕೆಲವೇ ದಿನಗಳಲ್ಲಿ ಮರಿಗಳು ಮೇವು ಬಿಟ್ಟವು. ರೆಕ್ಕೆ ಜೋತವು, ಕಾಲು ಕುಂಟಿದವು. ಕುತ್ತಿಗೆಯನ್ನು ಬೆನ್ನಿನ ಕಡೆಗೆ ಬಾಗಿಸಿ ಒಂದೊಂದಾಗಿ ಸತ್ತವು. ಅದೇ ಅಂಗಳದ ಕೋಳಿಗಳು ಮಾತ್ರ ಕೆದಕಿಕೊಂಡು ಓಡಾಡುತ್ತಿದ್ದವು.

"ಕೆರೆಯಿಲ್ಲದ ಊರಿಗೆ ಬಾತು ತಂದ್ರೆ ಇನ್ನೇನಾಗ್ತದೆ ಕನ್ನಿ? ನೀರಿಗೆ ಹಂಬಲಿಸಿ ಏಂಗಿ ಸತ್ತವು, ಪಾಪ," ಎಂದಳು ಬೆಳ್ಳಿಯಮ್ಮ.

"ಹಂಗಾದ್ರೆ ಚಿನ್ನತಾಯಿ ಮನೆಯವು ಯಾಕತ್ತೆ ಬದುಕವೆ? ಅವಳೇನು ಕೆರೆ ತೋಡಿಸವಳಾ?"

ಕನ್ನಿಯಮ್ಮಾಳ್ ಬೇಲಿ ದಾಟಿ ಹೋಗಿ ನೋಡಿದಳು. ಅದೇ ಬಿಸಿಲು, ಅದೇ ಬಾವಿಯ ನೀರು. ಚಿನ್ನತಾಯಿಯ ಮರಿಗಳು ಗುಂಡಗೆ ಕೊಬ್ಬಿದ್ದವು.

"ಏನೆ ಹಾಕ್ತೀಯೆ ಇವುಕ್ಕೆ?"

"ಸಜ್ಜೆ ನುಚ್ಚು. ನಿನ್ನಂಗೆ ಕಡಲೆ ಹಾಕಿ ಮರಿ ಸಾಕಕ್ಕೆ ನಾವೇನು ಮಿರಾಸುದಾರರಾ?" ಎಂದು ಚಿನ್ನತಾಯಿ ಚುಚ್ಚಿದಳು.

ಕನ್ನಿಯಮ್ಮಾಳ್ ನಗಲಿಲ್ಲ. ಮನೆಗೆ ಬಂದು ಮಡಕೆಯಲ್ಲಿ ಕೈಯಾಡಿಸಿದಳು. ಬೆರಳ ತುದಿಗೆ ಹಸಿರು ಹುಡಿ ಮೆತ್ತಿಕೊಂಡಿತು. ಅವಳ ದೃಷ್ಟಿ ಮೆಲ್ಲಗೆ ಗೋಡೆಯ ಗೂಡಿನಲ್ಲಿದ್ದ ತಗಡಿನ ಡಬ್ಬದ ಕಡೆಗೆ ಹೋಯಿತು. ಅದೇ ಮಡಕೆಯ ಬೀಜವನ್ನು ಹುರಿದು, ಬೆಲ್ಲದ ಪಾಕ ಹಿಡಿದು, ಬೆಳ್ಳಿಯಮ್ಮ ತನ್ನ ಕೈಯಾರೆ ಕಟ್ಟಿದ ಉಂಡೆಗಳು ಅದರಲ್ಲಿದ್ದವು. ಕನ್ನಿಯಮ್ಮಾಳ ಮಗಳು ರುಕ್ಮಣಿ ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಯ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಆಗತಾನೆ ಹಲ್ಲು ಬಂದಿದ್ದ ಅವಳ ಮಗುವಿಗೆ ದಿನಕ್ಕೊಂದು ಉಂಡೆ ಪುಡಿಮಾಡಿ ಹಾಲಿನಲ್ಲಿ ಕಲಸಿ ಕೊಡಬೇಕೆಂದು ಮುತ್ತಜ್ಜಿಯ ಅಪ್ಪಣೆ. ಕುಪ್ಪುಸಾಮಿ ಮರುದಿನ ಮಧ್ಯಾಹ್ನದ ಬಸ್ಸಿಗೆ ಡಬ್ಬ ಒಯ್ಯುವವನಿದ್ದನು.

ಬೆಳಗಾಗುತ್ತಲೇ ಅವಳು ಕಡೆಯ ಸತ್ತ ಮರಿಯನ್ನೂ ಒಂದು ಹಿಡಿ ಬೀಜವನ್ನೂ ಬೇರೆ ಬೇರೆ ಕಟ್ಟಿಕೊಂಡು ಪಲ್ಲಡಂನ ದನದಾಸ್ಪತ್ರೆಗೆ ಹೊರಟಳು. ಮರಿ ಏಕೆ ಸತ್ತಿತೆಂದು ಕೇಳಿ ಬರುತ್ತೇನೆ ಎಂದಳೇ ಹೊರತು ಡಬ್ಬದ ಮಾತೆತ್ತಲಿಲ್ಲ. ಸಂಶಯವೊಂದನ್ನೇ ಹಿಡಿದುಕೊಂಡು ಅತ್ತೆಯ ಕೈಯಡುಗೆಗೆ ಹೆಸರಿಡುವುದು ಹೇಗೆ?

ಡಾಕ್ಟರ್ ಚೆನ್ನಕೇಶವನ್ ಎಳೆಯ ವಯಸ್ಸಿನವರು, ತಾಳ್ಮೆಯವರು. ಮರಿಯನ್ನು ಕೊಯ್ದು, ಬಣ್ಣಗೆಟ್ಟು ಊದಿದ ಈಲಿಯನ್ನು, ಎಂದರೆ ಯಕೃತ್ತನ್ನು, ತೋರಿಸಿದರು. ಆಮೇಲೆ ಬೀಜವನ್ನು ಕಿಟಕಿಯ ಬೆಳಕಿಗೆ ಹಿಡಿದು ತಮಿಳಿನಲ್ಲಿ ಕೇಳಿದರು:

"ಇದನ್ನು ತೇವದಲ್ಲಿಟ್ಟಿದ್ದಿರಾ ಅಮ್ಮಾ?"

ಅವಳು ನೀರು ಚಿಮುಕಿಸುವ ಪದ್ಧತಿಯನ್ನು ವಿವರಿಸಿದಳು. ಡಾಕ್ಟರು ತಲೆಯಾಡಿಸಿದರು. "ತೇವವಿದ್ದರೆ ಬೂಷ್ಟು ಬೆಳೆಯುತ್ತದೆ. ಅದರಲ್ಲಿ ಒಂದು ಜಾತಿ ಬೀಜದೊಳಗೆ ವಿಷ ಬಿಡುತ್ತದೆ. ಬಾತುಮರಿಗೆ ಅದು ಎಲ್ಲಕ್ಕಿಂತ ಬೇಗ ತಟ್ಟುತ್ತದೆ, ಕೋಳಿ ತಡೆದುಕೊಳ್ಳುತ್ತದೆ. ಖಚಿತವಾಗಿ ತಿಳಿಯಬೇಕಾದರೆ ಕೊಯಮತ್ತೂರಿಗೆ ಕಳಿಸಿ ಪರೀಕ್ಷೆ ಮಾಡಿಸಬೇಕು."

"ಒರೆಸಿದರೆ ಹೋಗದೇನುಂಗ?"

"ಹುಡಿ ಹೋಗುತ್ತದೆ. ವಿಷ ಒಳಗಿರುತ್ತದೆ."

"ಹುರಿದರೆ?"

"ಬೂಷ್ಟು ಸಾಯುತ್ತದೆ. ವಿಷ ಸ್ವಲ್ಪ ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ."

"ಬೆಲ್ಲದ ಪಾಕದಲ್ಲಿ ಹಾಕಿದರೆ?"

ಡಾಕ್ಟರಿಗೆ ನಗು ಬಂದಿತು. "ವಿಷ ಸಿಹಿಯಾಗುತ್ತದೆ, ಅಷ್ಟೆ."

"ಎಮ್ಮೆಗೆ ಹಾಕಲೇನುಂಗ?"

"ಹಾಲಿನಲ್ಲಿ ಬರುತ್ತದೆ ಅಮ್ಮಾ."

"ನಾವು ಇಷ್ಟು ವರ್ಷ ತಿಂದಿದ್ದೇವೆ, ಸತ್ತಿಲ್ಲವಲ್ಲ?"

"ದೊಡ್ಡವರು ಒಂದು ದಿನ ತಿಂದರೆ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ವರ್ಷಗಟ್ಟಲೆ ತಿಂದರೆ ಈಲಿಯಲ್ಲಿ ಕೂತು ಕೆಡಿಸುತ್ತದೆ, ಗಡ್ಡೆ ಕಟ್ಟುವುದೂ ಉಂಟು. ಮಕ್ಕಳ ಮೈ ಚಿಕ್ಕದು. ಅವರಿಗೆ ಹೆಚ್ಚು ಅಪಾಯ. ಪರೀಕ್ಷೆಗೆ ಕಾಯಬೇಡಿ, ಮಗು ಇರುವ ಮನೆಯಲ್ಲಿ ಇದು ಬೇಡ."

ಅವಳು ಬೀಜವನ್ನು ಪರೀಕ್ಷೆಗೆಂದು ಅಲ್ಲೇ ಬಿಟ್ಟು ಎದ್ದಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. "ಮಂಡಿಗೆ ಹಾಕಿದ ಗುಂಡುಬೀಜ? ಅದಕ್ಕೂ ನೀರು ಬಿದ್ದಿದೆಯಲ್ಲ."

"ಅದನ್ನೂ ಯಾರದೋ ಮನೆಯ ಮಗು ತಿನ್ನುತ್ತದೆ," ಎಂದರು ಡಾಕ್ಟರು.

ಮನೆಗೆ ಹೋದರೆ ಗಂಡ ಹೊರಟುಹೋಗಿರುವ ಹೊತ್ತು. ತಿರುಪ್ಪೂರಿನ ಬಸ್ಸು ಪಲ್ಲಡಂ ಮೇಲೆಯೇ ಹೋಗಬೇಕಾದ್ದರಿಂದ ಅವಳು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬಂದ ಬಂದ ಬಸ್ಸಿನ ಕಿಟಕಿಗಳಲ್ಲೆಲ್ಲ ಇಣುಕಿದಳು. ಕಡೆಗೆ ಒಂದರಲ್ಲಿ ಕುಪ್ಪುಸಾಮಿ ಕಾಣಿಸಿದನು. ಮಡಿಲಲ್ಲಿ ಡಬ್ಬ, ದವಡೆ ಆಡುತ್ತಿದೆ.

"ಇಳೀಂಗ! ಡಬ್ಬ ತಕ್ಕೊಂಡು ಇಳೀಂಗ!"

"ಏನಾಯ್ತು? ಅವ್ವನಿಗೇನಾದ್ರೂ..."

"ಬಾಯಲ್ಲಿರೋದು ಉಗೀರಿ ಮೊದಲು!"

ಬಸ್ಸಿನ ತುಂಬ ನಗೆ ಎದ್ದಿತು. "ಒಂದು ಉಂಡೆ ಕದ್ದರೆ ನಡುಬೀದಿಯಲ್ಲಿ ಹಿಡಿಯುತ್ತಾರಪ್ಪ! ಇಳಿದುಬಿಡಿ ಅಣ್ಣಾ," ಎಂದು ಕಂಡಕ್ಟರ್ ಸೀಟಿ ಊದಿದನು. ಬೆಪ್ಪಾಗಿ ಇಳಿದ ಕುಪ್ಪುಸಾಮಿಗೆ ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಅವನು ಅಂಗಿಯ ಮೇಲಿನಿಂದ ಹೊಟ್ಟೆಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡನು.

"ಈಲಿ ಬಲಗಡೆಯಾ, ಎಡಗಡೆಯಾ ಕನ್ನಿ?"

"ಒಂದಕ್ಕೆ ಏನೂ ಆಗಲ್ಲವಂತೆ. ಸುಮ್ಮನೆ ನಡೀರಿ."

ಮನೆಯಲ್ಲಿ ಬೆಳ್ಳಿಯಮ್ಮ ಬೇವಿನ ಕೆಳಗೆ ಕುಳಿತು ಅಂದಿನ ರಾಶಿಗೆ ನೀರು ಚಿಮುಕಿಸುತ್ತಿದ್ದಳು. ತಿರುಗಿ ಬಂದ ಡಬ್ಬವನ್ನು ಕಂಡು ಅವಳ ಕೈ ನಿಂತಿತು. ಕನ್ನಿಯಮ್ಮಾಳ್ ಬಳಿ ಕುಳಿತು, ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಹೇಳಿದಳು. ಮುದುಕಿ ಡಬ್ಬದ ಮುಚ್ಚಳ ತೆರೆದಳು. ಆಮೇಲೆ ಒಂದು ಉಂಡೆ ತೆಗೆದು ಒಡೆದು, ಮೂಗಿನ ಹತ್ತಿರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು.

"ಎಲ್ಲಿ ಅದೆ? ಕಾಣ್ಸಲ್ಲವಲ್ಲ."

"ಕಾಣ್ಸಲ್ಲವಂತೆ ಅತ್ತೆ."

"ನಮ್ಮವ್ವ ಹೇಳಿಕೊಟ್ಟ ಕೆಲಸ ಇದು. ಅವಳು ಮಗುವಿಗೆ ವಿಷ ಇಕ್ಕೋಳಾ?"

"ಅವಳಿಗೆ ಗೊತ್ತಿರಲಿಲ್ಲ. ನಮಗೂ ನೆನ್ನೆ ತನಕ ಗೊತ್ತಿರಲಿಲ್ಲ."

"ನಾನು ತಿಂದು ಮುಗಿಸ್ತೀನಿ ಬಿಡು. ನನ್ನ ಈಲಿ ಇನ್ನೆಷ್ಟು ದಿನ ಓಡ್ತದೆ?"

"ನೀವೂ ಬೇಡ, ಕೋಳಿಗೂ ಬೇಡ." ಕನ್ನಿಯಮ್ಮಾಳ್ ಡಬ್ಬವನ್ನು ತನ್ನ ಕಡೆಗೆ ಎಳೆದುಕೊಂಡಳು. "ನಿಮ್ಮನ್ನ ಬಿಟ್ರೆ ಆ ಮಗುವಿಗೆ ಉಂಡೆ ಕಟ್ಟೋರು ಯಾರವರೆ?"

ತಿನ್ನುವ ವಸ್ತುವನ್ನು ಮಣ್ಣಿಗೆ ಹಾಕುವುದು ಆ ಮನೆಯಲ್ಲಿ ಹಿಂದೆಂದೂ ನಡೆದಿರಲಿಲ್ಲ. ಕುಪ್ಪುಸಾಮಿ ಬೇಲಿಯ ಹತ್ತಿರ ಆಳವಾಗಿ ಗುಂಡಿ ತೆಗೆದನು. ಬೆಳ್ಳಿಯಮ್ಮ ತಾನು ಕಟ್ಟಿದ ಉಂಡೆಗಳನ್ನು ತಾನೇ ಅದಕ್ಕೆ ಹಾಕಿದಳು. ಮಡಕೆಯ ಬೀಜವೂ ನೀರು ಬಿದ್ದ ರಾಶಿಯೂ ಅವುಗಳ ಹಿಂದೆಯೇ ಹೋದವು.

ಕೊಯಮತ್ತೂರಿನ ಪರೀಕ್ಷೆಯಲ್ಲಿಯೂ ವಿಷ ಕಾಣಿಸಿತೆಂದು ಡಾಕ್ಟರು ಆಮೇಲೆ ತಿಳಿಸಿದರು. ಅಷ್ಟು ಹೊತ್ತಿಗೆ ಗುಂಡಿಯ ಮೇಲೆ ಹುಲ್ಲು ಬಂದಿತ್ತು.

ಮುಂದಿನ ಬೆಳೆಗೆ ಬೇವಿನ ಕೆಳಗೆ ನೀರಿನ ಚೊಂಬು ಬರಲಿಲ್ಲ. ಒಣಕಾಯಿ ಒತ್ತಿ ಎಲ್ಲರ ಹೆಬ್ಬೆರಳೂ ಕೆಂಪಾದವು. ಕನ್ನಿಯಮ್ಮಾಳ್ ಬೆರಳಿಗೆ ಬಟ್ಟೆ ಸುತ್ತಿಕೊಂಡಳು, ಚಿನ್ನತಾಯಿ ಬೇಲಿಯಾಚೆಯಿಂದ, "ಮುತ್ತು ಬಿಡಿಸೋರ ಗತಿ ನೋಡು!" ಎಂದು ಹಾಸ್ಯ ಮಾಡಿದಳು. ಕಾಯಿ ಚೆನ್ನಾಗಿ ಒಣಗಿದೆಯೋ ಇಲ್ಲವೋ ತಿಳಿಯಬೇಕಾದರೆ ಅಲುಗಿಸಿ ನೋಡಬೇಕೆಂದೂ, ಒಳಗೆ ಬೀಜ ಗಲಗಲ ಎಂದರೆ ಒಣಗಿದಂತೆಂದೂ ಕನ್ನಿಯಮ್ಮಾಳ್ ಕಂಡುಕೊಂಡಿದ್ದಳು. ಆ ಕೆಲಸ ಬೆಳ್ಳಿಯಮ್ಮನ ಪಾಲಿಗೆ ಬಂದಿತು. ಮುದುಕಿ ಗೋಡೆಗೊರಗಿ ಕುಳಿತು, ಪ್ರತಿಯೊಂದು ಮೂಟೆಯಿಂದಲೂ ಕಾಯಿ ಎತ್ತಿ ಕಿವಿಯ ಹತ್ತಿರ ಅಲುಗಿಸುವಳು.

"ಇದು ಮಾತಾಡ್ತದೆ," ಎನ್ನುವಳು. ಇಲ್ಲವೇ, "ಇದಿನ್ನೂ ಮೂಕ. ಬಿಸಿಲಿಗೆ ಹಾಕು ಕನ್ನಿ."

ಮಾತಾಡಿದ ಕಾಯಿಯ ಗುಂಡುಬೀಜವನ್ನೇ ಆರಿಸಿ ಅವಳು ಮತ್ತೆ ಪಾಕ ಹಿಡಿದಳು. ಕುಪ್ಪುಸಾಮಿ ಡಬ್ಬವನ್ನು ಕಂಕುಳಿಗೆ ಇರುಕಿಕೊಂಡು ಅಂಗಳ ದಾಟುವಾಗ ಕನ್ನಿಯಮ್ಮಾಳ್ ಕೂಗಿ ಹೇಳಿದಳು:

"ಈ ಸಲ ದಾರಿಯಲ್ಲಿ ಒಂದು ತಿನ್ನಿ, ಪರವಾಗಿಲ್ಲ."