ಐದು ಸಾವಿರದ ನಲವತ್ತು ಎಳೆ

ಮರ್ಗಿಲಾನ್ ಪಟ್ಟಣದ ಹಿಪ್ಪುನೇರಳೆ ಮರಗಳ ಮೇಲೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ನೇಯ್ಗೆಮನೆಯ ಅಂಗಳದಲ್ಲಿ ಮುಹಾಯ್ಯೋ ರೇಷ್ಮೆಯ ಹಾಸಿನ, ಅಂದರೆ ಮಗ್ಗದ ಉದ್ದೆಳೆಗಳ, ಮುಂದೆ ಕುಕ್ಕರುಗಾಲಲ್ಲಿ ಕೂತು ಎಳೆಗಳನ್ನು ಏಳೇಳಾಗಿ ಸರಿಸುತ್ತಿದ್ದಾರೆ. ಕೊನೆಯ ಹಿಡಿಗೆ ಬಂದಾಗ ಕೈ ನಿಲ್ಲುತ್ತದೆ. ಅಲ್ಲಿರುವುದು ಆರೇ ಎಳೆ.

"ಓಪಾ, ಅಕ್ಕಯ್ಯಾ, ಚಹಾ ಆರಿಹೋಯ್ತು," ಎನ್ನುತ್ತಾಳೆ ನೂಲು ಸುತ್ತುವ ಕರೊಮತ್. "ರೇಷ್ಮೆ ಎಲ್ಲಿಗೂ ಓಡಿಹೋಗಲ್ಲ. ಅದೇನು ನನ್ನ ಗಂಡನಾ?"

"ಸುಮ್ನಿರೇ. ಇವತ್ತೂ ಲೆಕ್ಕ ಕೂಡ್ತಿಲ್ಲ."

ನಿನ್ನೆ ಎಂಟೆಂಟಾಗಿ ಎಣಿಸಿದಾಗ ಕೊನೆಗೆ ಏಳು ಉಳಿದಿದ್ದವು. ಒಂಬತ್ತೊಂಬತ್ತಾಗಿ ಎಣಿಸಿದಾಗ ಎಂಟು. ಹೇಗೆ ಹಂಚಿದರೂ ಒಂದು ಕೊರತೆ.

ಅತ್ಲಸ್ ಎಂಬ ಹೂಬಣ್ಣದ ರೇಷ್ಮೆಬಟ್ಟೆಗೆ ಹಾಸು ಹಾಕುವುದು ಮುಹಾಯ್ಯೋ ಅವರಿಗೆ ಅತ್ತೆ ಕಲಿಸಿದ ಕೆಲಸ. ಎಳೆಗಳ ಸಂಖ್ಯೆಯೂ ಅತ್ತೆಯದೇ: ಐದು ಸಾವಿರದ ನಲವತ್ತು. ಒಂದರಿಂದ ಹತ್ತರವರೆಗೆ ಯಾವುದರಿಂದ ಭಾಗಿಸಿದರೂ ಅದರಲ್ಲಿ ಶೇಷ ಉಳಿಯದು, ಹನ್ನೆರಡಕ್ಕೂ ಒಗ್ಗುತ್ತದೆ. ಒಂದೇ ಒಂದು ಕಳೆದರೆ ಮಾತ್ರ ಉಳಿದ ಸಂಖ್ಯೆ ಯಾವ ಸಮಪಾಲಿಗೂ ಬಗ್ಗುವುದಿಲ್ಲ.

"ಯಜಮಾನರು ಬೆಳಿಗ್ಗೆ ಏಳು ಹೂವು ಅಂತಾರೆ, ಪಲಾವು ತಿಂದ್ಮೇಲೆ ಒಂಬತ್ತು ಅಂತಾರೆ. ಈ ಲೆಕ್ಕ ಇದ್ರೆ ಎರಡಕ್ಕೂ ಸೈ," ಎನ್ನುತ್ತಾರೆ ಮುಹಾಯ್ಯೋ.

ಬಟ್ಟೆಯ ಅಗಲಕ್ಕೆ ಎಷ್ಟು ಹೂವೋ, ಎಳೆಗಳನ್ನು ಅಷ್ಟೇ ಪಾಲು ಮಾಡಿ, ಒಂದರ ಮೇಲೊಂದಿಟ್ಟು, ಬಿಗಿದು ಕಟ್ಟಿ ಬಣ್ಣಕ್ಕೆ ಅದ್ದುತ್ತಾರೆ. ಪಾಲು ಸಮವಿಲ್ಲದಿದ್ದರೆ ಹೂವಿನ ಅಂಚು ಜಾರುತ್ತದೆ. ವಸಂತದಲ್ಲಿ ಹಾಗೊಂದು ಹಾಸು ಹಾಳಾಯಿತು. ಇನ್ನೊಮ್ಮೆ ಹೀಗಾದರೆ ಈ ಕೆಲಸ ಯಂತ್ರಕ್ಕೆ ಎಂದು ಯಜಮಾನ ಇಸ್ಮತಿಲ್ಲಾ ಅಂದೇ ಹೇಳಿದ್ದಾರೆ.

ಅವರೇ ಈಗ ಬಾಗಿಲಲ್ಲಿ. "ಆಯ್ತೇನಮ್ಮ? ಕಟ್ಟೋರು ಕಾಯ್ತಿದಾರೆ. ಒಂಬತ್ತು ಹೂವು!"

ಬಾಯಿ ಮುಚ್ಚಿಕೊಂಡರೆ ಇವತ್ತೊಂದು ದಿನ ಕಳೆಯುತ್ತದೆ.

"ಅಕಾ, ಅಣ್ಣಾ, ಒಂದು ಎಳೆ ಕಮ್ಮಿ."

"ಮತ್ತೆನಾ?"

ಇಲ್ಲಿ ಎಣಿಸುವವರು ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಸಮೃದ್ಧಿಯಾಗಲಿ ಎಂದು 'ಬರಕತ್' ಎನ್ನುತ್ತಾರೆ. ಆಮೇಲೆ ಎರಡು, ಮೂರು. ಹಾಸು ಹಾಕುವಾಗ ಮುಹಾಯ್ಯೋ ಪ್ರತಿ ನೂರು ಎಳೆಯನ್ನೂ ಹಾಗೆಯೇ ಶುರುಮಾಡುತ್ತಾರೆ. ಈಗ ಕಣ್ಣು ಮುಚ್ಚಿ, ಎಲ್ಲೆಲ್ಲಿ ಎದ್ದೆ, ಎಲ್ಲೆಲ್ಲಿ ಕೂತೆ ಎಂದು ನೆನೆಯುತ್ತಾರೆ.

"ಮೊನ್ನೆ ನಮಾಜಿಗೆ ಎದ್ದು ಬಂದು ಕೂತಾಗ... ಆಗಲೇ ಹಾಕಿದ್ದ ಎಳೆ ಮೇಲೆ ಕೈಯಿಟ್ಟು ಬರಕತ್ ಅಂದ್ಬಿಟ್ಟೆ. ಅದೊಂದೇ ಎಳೆ ಎರಡು ಸಲ ಲೆಕ್ಕಕ್ಕೆ ಬಂತು, ಅಕಾ."

"ಬರಕತ್ ಜಾಸ್ತಿಯಾಗಿ ರೇಷ್ಮೆ ಕಮ್ಮಿಯಾಯ್ತು ಅನ್ನು!" ಇಸ್ಮತಿಲ್ಲಾ ಗೊಣಗುತ್ತಾರೆ. ಆಮೇಲೆ, "ಹಾಕು. ಬಣ್ಣಕ್ಕಿಳಿಯೋ ಮೊದಲೇ ಹೇಳಿದೆಯಲ್ಲ," ಎಂದು ಹೊರಡುತ್ತಾರೆ. ಯಂತ್ರದ ಮಾತು ಎತ್ತುವುದಿಲ್ಲ. ತರಿಸುವುದಿಲ್ಲ ಎಂದೂ ಹೇಳುವುದಿಲ್ಲ.

ಹೊಸ ಎಳೆ ಸೇರುತ್ತದೆ. ಕೊನೆಯ ಹಿಡಿಯಲ್ಲೀಗ ಪೂರ್ತಿ ಒಂಬತ್ತು. ಆದರೂ ಮುಹಾಯ್ಯೋ ಆ ಹಿಡಿಯನ್ನು ಇನ್ನೊಮ್ಮೆ ಎಣಿಸುತ್ತಾರೆ.

"ಯಂತ್ರ ಬರೋದಾದ್ರೆ ಬರಲಿ," ಎನ್ನುತ್ತಾರೆ ಕರೊಮತ್‌ಗೆ. "ಅದರ ಪಕ್ಕ ನನಗೊಂದು ಮಣೆ ಹಾಕಿಕೊಟ್ರೆ ಸಾಕು. ಒಂದು ಎಳೆ ಕಮ್ಮಿ ಬಿದ್ರೆ ಅದಕ್ಕೆ ನಿದ್ದೆ ಕೆಡಲ್ಲ. ನಂಗೆ ಕೆಡುತ್ತೆ."