ಎಳೆದಾಗ ಮಾತ್ರ ನುಡಿಯುವ ಸ್ವರ

ನಮ್ಮ ಬೀದಿಯ ತುದಿಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಮನುಷ್ಯನನ್ನು ಊರೆಲ್ಲ ‘ಪೆಟ್ಟಿಗೆ’ ಎಂದು ಕರೆಯುತ್ತದೆ. ಸಿಟ್ಟು ಬಂದಾಗ ಹೆಂಡತಿಯೂ ಹಾಗೆಯೇ ಕರೆಯುತ್ತಾಳೆ. ವರ್ಷದ ಹನ್ನೊಂದು ತಿಂಗಳು ಅವನು ಕಪ್ಪು ಏಪ್ರನ್ ಕಟ್ಟಿಕೊಂಡು, ಗಾಜಿನ ಅಂಚನ್ನು ಕಲ್ಲಿನ ಚಕ್ರಕ್ಕೆ ಹಿಡಿದು, ಫ್ರೇಮಿಗೆ ಕೂರಿಸಿ, ಎದುರು ಕುಳಿತವರನ್ನು “ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಾ?” ಎಂದು ಕೇಳುತ್ತಿರುತ್ತಾನೆ. ಹನ್ನೆರಡನೆಯ ತಿಂಗಳು ಹಬ್ಬದ ಸೀಸನ್ನು. ಆಗ ಅವನು ಎದೆಗೆ ಅಕಾರ್ಡಿಯನ್ ಕಟ್ಟಿಕೊಳ್ಳುತ್ತಾನೆ; ಅಡ್ಡಹೆಸರು ಬಂದದ್ದು ಆ ಪೆಟ್ಟಿಗೆಯಿಂದಲೇ. ಯಾರನ್ನೂ ಏನನ್ನೂ ಕೇಳುವುದಿಲ್ಲ.

ಅವರದು ನಾಲ್ಕು ಜನರ ತಂಡ. ಡ್ರಮ್ ಬಾರಿಸುವವನು ಬಸ್ ಡಿಪೋದ ಮೇಸ್ತ್ರಿ. ತಂಡ ಕಟ್ಟಿದವನೂ ಅವನೇ, ಕೂಗಾಡುವವನೂ ಅವನೇ. ಗಿಟಾರಿಗೆ ಒಬ್ಬ ಅಂಚೆಯವನು. ಹಾಡುವುದು ಪೆಟ್ಟಿಗೆಯ ತಂಗಿ, ಆಸ್ಪತ್ರೆಯಲ್ಲಿ ನರ್ಸು. ಶಾಲೆ, ಕಾರ್ಖಾನೆಯ ಕ್ಯಾಂಟೀನು, ಅಂಗಡಿಯ ರಿಯಾಯಿತಿ ಮಾರಾಟ, ಕೊನೆಗೆ ಪುರಭವನ: ಇಪ್ಪತ್ತನಾಲ್ಕು ದಿನಗಳಲ್ಲಿ ಹದಿನೇಳು ಕಾರ್ಯಕ್ರಮ. ಮೂವತ್ತೊಂದು ವರ್ಷದಿಂದ ಇದು ನಡೆದಿದೆ.

ಅಕಾರ್ಡಿಯನ್ನಿನ ಬಗ್ಗೆ ಒಂದು ಸಂಗತಿ ತಿಳಿದಿರಬೇಕು. ಬೆರಳಿಡುವ ಬಿಳಿ ಕಪ್ಪು ಪಟ್ಟಿಗಳಿಗೆ ಮನೆ ಎನ್ನುತ್ತಾರೆ. ಒಂದೊಂದು ಮನೆಯ ಹಿಂದೆಯೂ ಎರಡು ಸಣ್ಣ ಉಕ್ಕಿನ ನಾಲಿಗೆಗಳಿರುತ್ತವೆ. ಎಡಗೈಯಿಂದ ತಿದಿಯನ್ನು, ಅಂದರೆ ನೆರಿಗೆಯ ಗಾಳಿಚೀಲವನ್ನು, ಹೊರಕ್ಕೆ ಎಳೆದಾಗ ಒಂದು ನುಡಿಯುತ್ತದೆ, ಒಳಕ್ಕೆ ಒತ್ತಿದಾಗ ಇನ್ನೊಂದು. ಎರಡೂ ಒಂದೇ ಸ್ವರ. ಕೇಳುವವರಿಗೆ ವ್ಯತ್ಯಾಸ ತಿಳಿಯದು. ದೊಡ್ಡ ವಾದ್ಯಗಳಲ್ಲಿ ಒಂದು ಸ್ವರಕ್ಕೆ ಮೂರು ನಾಲ್ಕು ಜೊತೆ ನಾಲಿಗೆಗಳಿರುತ್ತವಂತೆ. ಇವನದು ಅಪ್ಪನ ಕಾಲದ ಚಿಕ್ಕ ವಾದ್ಯ. ಒಂದೇ ಜೊತೆ.

ಹೋದ ವರ್ಷ ಸೀಸನ್ನಿಗೆ ಆರು ದಿನ ಮುಂಚೆ, ಡಿಪೋದ ಹಿಂದಿನ ಟೈರಿನ ಕೋಣೆಯಲ್ಲಿ ತಾಲೀಮು ನಡೆಯುತ್ತಿತ್ತು. ಮೇಸ್ತ್ರಿಯ ಅಳಿಯ ಬಂದು ಕುಳಿತಿದ್ದ. ಹೊಸ ಕೀಬೋರ್ಡು ಕೊಂಡಿದ್ದ. ಒಂದು ಗುಂಡಿ ಒತ್ತಿದರೆ ಪಿಟೀಲು, ಇನ್ನೊಂದು ಒತ್ತಿದರೆ ಕಹಳೆ, ಮತ್ತೊಂದಕ್ಕೆ ಅಕಾರ್ಡಿಯನ್ನೂ ಬರುತ್ತಿತ್ತು. ಅವನು ಸ್ವರ ಅಳೆಯುವ ಆಪ್ ತೆರೆದು ಮೊಬೈಲನ್ನು ಎತ್ತಿ ಹಿಡಿದ.

“ಅಂಕಲ್, ಬೇಜಾರು ಮಾಡ್ಕೋಬೇಡಿ. ಆ ಸ್ವರ ಸ್ವಲ್ಪ ಇಳಿದಿದೆ. ನೋಡಿ, ಮುಳ್ಳು ಕೆಂಪಲ್ಲಿದೆ.”

“ಮುಳ್ಳಿಗೆ ಕಿವಿ ಇದ್ಯಾ?”

“ಇಲ್ಲ ಅಂಕಲ್. ಅದಕ್ಕೇ ಅದು ದಾಕ್ಷಿಣ್ಯ ನೋಡಲ್ಲ.”

ಅಂಚೆಯವನು ನಕ್ಕ. ಮೇಸ್ತ್ರಿ ನಗಲಿಲ್ಲ. “ನೋಡು ಪೆಟ್ಟಿಗೆ, ಮನೇಲಿ ಮಗಳು ನನ್ನ ತಲೆ ತಿಂತಿದ್ದಾಳೆ, ಗಂಡನ್ನ ತಂಡಕ್ಕೆ ಸೇರಿಸ್ಕೋ ಅಂತ. ಈ ಸೀಸನ್ ನೋಡ್ತೀನಿ. ನಿನ್ನ ಡಬ್ಬ ಎಲ್ಲಾದ್ರೂ ಕೈ ಕೊಟ್ರೆ, ಮುಂದಿನ ವರ್ಷದಿಂದ ನಿನ್ನ ಜಾಗದಲ್ಲಿ ಇವನು. ಆಮೇಲೆ ಮುಖ ಊದಿಸ್ಕೋಬಾರದು.”

ಮರುದಿನ ಭಾನುವಾರ. ಮಧ್ಯಾಹ್ನ ಊಟವಾದ ಮೇಲೆ ಪೆಟ್ಟಿಗೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ವಾದ್ಯವನ್ನು ಬಿಚ್ಚಿದ. ಅಳಿಯ ಹೇಳಿದ ಸ್ವರ ಬಲಗಡೆಯ ಹನ್ನೊಂದನೆಯ ಬಿಳಿ ಮನೆಯದು. ಎಳೆಯುವ ನಾಲಿಗೆ ಸರಿಯಾಗಿತ್ತು. ಒತ್ತುವ ನಾಲಿಗೆ ಕೂದಲೆಳೆಯಷ್ಟು ಇಳಿದಿದ್ದದ್ದು ನಿಜ. ನಾಲಿಗೆಯ ತುದಿಯನ್ನು ಚೂರು ಕೆರೆದರೆ ಸ್ವರ ಏರುತ್ತದೆ. ಅವನು ಕೆರೆದ. ನುಡಿಸಿ ನೋಡಿದ. ಮತ್ತೆ ಕೆರೆದ. ಸ್ವರ ಕೂಡಿತು. ಬೇರೆ ಯಾರಾದರೂ ಅಲ್ಲಿಗೆ ಬಿಡುತ್ತಿದ್ದರು. ಗಾಜು ಉಜ್ಜುವವನ ಕೈ ಬಿಡಲಿಲ್ಲ. ಅಂಗಡಿಯಲ್ಲಿ ಎಲ್ಲ ಮುಗಿದ ಮೇಲೆ ಅಂಚಿಗೆ ಕೊನೆಯದೊಂದು ಉಜ್ಜು ಕೊಡುವುದು ಅವನ ಅಭ್ಯಾಸ. ಅದರಿಂದಲೇ ಅವನು ಹೆಸರು ಮಾಡಿದ್ದು. ಗಾಜು ಅದನ್ನು ತಾಳಿಕೊಳ್ಳುತ್ತದೆ. ಐವತ್ತು ವರ್ಷ ನಡುಗಿದ ಉಕ್ಕು ತಾಳಿಕೊಳ್ಳಲಿಲ್ಲ.

ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತು. ಹೆಂಡತಿ ದರ್ಜಿ, ಆ ಸೀಸನ್ನಿನಲ್ಲಿ ಅವಳಿಗೂ ಬಿಡುವಿಲ್ಲ.

“ಏನದು ಟಿಣ್ ಅಂದಿದ್ದು?”

“ಏನಿಲ್ಲ.”

“ನಿಮ್ಮ ‘ಏನಿಲ್ಲ’ ನಂಗೆ ಗೊತ್ತಿಲ್ವಾ? ಸ್ಕೂಟರ್ ಗೋಡೆಗೆ ಗುದ್ದಿದ್ದೂ ‘ಏನಿಲ್ಲ’ವೇ.”

ಅವಳು ಬಂದು ನೋಡಿದಳು. ಬಟ್ಟೆಯ ಮೇಲೆ ಉಗುರಿನಷ್ಟು ಉಕ್ಕಿನ ತುಂಡು ಬಿದ್ದಿತ್ತು. ಹೊಸ ನಾಲಿಗೆ ಬರಬೇಕಾದರೆ ವಾದ್ಯ ತಯಾರಿಸುವವರಿಗೆ ಬರೆಯಬೇಕು, ಐದು ವಾರ. ಪಕ್ಕದ ಮನೆಯದನ್ನು ಕಿತ್ತು ಕೂರಿಸಿದರೆ ಪಕ್ಕದ ಮನೆ ಮೂಕವಾಗುತ್ತದೆ. ಮೇಲಿನ ಮನೆಗಳ ನಾಲಿಗೆಗಳು ಗಿಡ್ಡ, ಅಚ್ಚಿಗೆ ಕೂರುವುದಿಲ್ಲ. ಊರಿನಲ್ಲಿ ಇನ್ನೊಂದು ಅಕಾರ್ಡಿಯನ್ ಇಲ್ಲ.

“ಮೇಸ್ತ್ರಿಗೆ ಹೇಳಿಬಿಡಿ,” ಎಂದಳು ಹೆಂಡತಿ.

“ಹೇಳಿದ್ರೆ ಈ ವರ್ಷದಿಂದಲೇ ಅಳಿಯ ಕೂರ್ತಾನೆ.”

“ಕೂರಲಿ ಬಿಡಿ. ನಿಮಗೂ ವಯಸ್ಸಾಯ್ತು. ಐದಾರು ಕೆಜಿ ಹೊರೋದು ತಪ್ಪುತ್ತೆ.”

ಅವನು ಉಕ್ಕಿನ ತುಂಡನ್ನು ಬಟ್ಟೆಯ ಅಂಚಿನಲ್ಲಿ ಸುತ್ತಿಟ್ಟ. ಅವಳು ಮುಖ ನೋಡಿದಳು. ಆ ಮಾತನ್ನು ಮತ್ತೆ ಎತ್ತಲಿಲ್ಲ. ಇದನ್ನು ನನಗೆ ಹೇಳಿದವಳು ಅವಳೇ.

ಆಮೇಲೆ ಅವನು ಮಾಡಿದ್ದನ್ನು ವಿವರಿಸಬೇಕು. ಅಕಾರ್ಡಿಯನ್ ನುಡಿಸುವವರಿಗೆ ತಿದಿ ಎಂದರೆ ಉಸಿರಿದ್ದಂತೆ. ಎಲ್ಲಿ ಎಳೆಯಬೇಕು, ಎಲ್ಲಿ ಒತ್ತಬೇಕು ಎಂಬುದು ಎಳವೆಯಲ್ಲೇ ಕೈಗೆ ಕೂತಿರುತ್ತದೆ, ಯೋಚಿಸಿ ಮಾಡುವಂಥದಲ್ಲ. ಈಗ ಹನ್ನೊಂದನೆಯ ಮನೆ ಎಳೆದಾಗ ಮಾತ್ರ ನುಡಿಯುತ್ತಿತ್ತು. ಹಾಗಾದರೆ ಯಾವ ಹಾಡಿನಲ್ಲಿ ಆ ಸ್ವರ ಎಲ್ಲಿ ಬಂದರೂ ಆ ಕ್ಷಣಕ್ಕೆ ತಿದಿ ಹೊರಕ್ಕೆ ಚಲಿಸುತ್ತಿರಬೇಕು. ಅದಕ್ಕಾಗಿ ಮುಂಚೆಯೇ ಮುಚ್ಚಿಕೊಂಡಿರಬೇಕು. ಅದಕ್ಕಾಗಿ ಇನ್ನೂ ಮುಂಚೆ ಬೇರೆಲ್ಲೋ ತೆರೆದಿರಬೇಕು. ಒಂದು ಸ್ವರಕ್ಕಾಗಿ ಇಡೀ ಹಾಡಿನ ಉಸಿರು ಬದಲಾಗಬೇಕು. ತಂಡದ ಪಟ್ಟಿಯಲ್ಲಿ ತೊಂಬತ್ತಮೂರು ಹಾಡುಗಳಿದ್ದವು. ಆ ಸ್ವರವಿಲ್ಲದ ಹಾಡುಗಳು ನಾಲ್ಕು.

ಅವನು ಅಂಗಡಿಯ ಆರ್ಡರ್ ಪುಸ್ತಕವೊಂದನ್ನು ತೆಗೆದುಕೊಂಡು, ಹಾಡಿಗೊಂದು ಪುಟದಂತೆ, ಎಳೆತಕ್ಕೆ ಕೆಂಪು ಬಾಣ, ಒತ್ತಿಗೆ ನೀಲಿ ಬಾಣ ಹಾಕಿದ. ಉಳಿದದ್ದು ಐದು ದಿನ. ಅಂಗಡಿಯಲ್ಲಿ ಗಿರಾಕಿ ಅಕ್ಷರದ ಪಟ್ಟಿ ಓದುತ್ತಿರುವಾಗ ಇವನ ಎಡಗೈ ಗಾಳಿಯಲ್ಲಿ ಹೋಗಿ ಬರುತ್ತಿತ್ತು.

“ಭುಜ ಹಿಡ್ಕೊಂಡಿದ್ಯೇನ್ರೀ?” ಎಂದು ಒಬ್ಬ ಮುದುಕರು ಕೇಳಿದರು.

“ಹೌದು. ನೀವು ಕೆಳಗಿನ ಸಾಲು ಓದಿ.”

“ನಿಮ್ಮ ಕೈ ಅಡ್ಡ ಬರ್ತಿದೆ, ಹೇಗೆ ಓದ್ಲಿ?”

ಅವನ ಗುಟ್ಟು ಹೆಂಡತಿಯ ಹೊರತಾಗಿ ತಂಗಿಗೆ ಮಾತ್ರ ಗೊತ್ತಿತ್ತು. ಅವಳಿಗೆ ಹೇಳಲೇಬೇಕಾದದ್ದು ಕೊನೆಯ ಹಾಡಿನಿಂದಾಗಿ. ಪ್ರತಿ ಕಾರ್ಯಕ್ರಮವೂ ಅದರಿಂದಲೇ ಮುಗಿಯುತ್ತದೆ. ಅವರ ಅಪ್ಪ ಕಟ್ಟಿದ ನಿಧಾನದ ಧಾಟಿ. ಅದು ಬಂದು ನಿಲ್ಲುವುದೇ ಹನ್ನೊಂದನೆಯ ಮನೆಯಲ್ಲಿ, ಹದಿನಾರು ಎಣಿಕೆಯ ಕಾಲ. ಹಾಡುವವಳೂ ನುಡಿಸುವವನೂ ಅದೇ ಸ್ವರದಲ್ಲಿ.

“ಎಂಟಕ್ಕೆ ನಿಲ್ಲಿಸಿಬಿಡು,” ಎಂದು ಅವನು ತಂಗಿಗೆ ಹೇಳಿದ. “ಅಲ್ಲಿಗೆ ಬರೋಷ್ಟರಲ್ಲಿ ತಿದಿ ಅರ್ಧ ತೆರೆದಿರುತ್ತೆ. ಎಂಟಕ್ಕೆ ಸಾಕು, ಹದಿನಾರಕ್ಕೆ ಸಾಲಲ್ಲ.”

“ಅಪ್ಪ ಇದ್ದಿದ್ರೆ ಬೈತಿದ್ರು.”

“ಅಪ್ಪ ಇದ್ದಿದ್ರೆ ಆ ನಾಲಿಗೆ ಮುಟ್ಟೋಕೇ ಬಿಡ್ತಿರಲಿಲ್ಲ.”

ಸೀಸನ್ನು ಶುರುವಾಯಿತು. ಮೊದಲನೆಯದು ಶಾಲೆ, ಎರಡನೆಯದು ಕಾರ್ಖಾನೆ. ಒಂದೇ ತೊಂದರೆ ಉಳಿದಿತ್ತು. ತಿದಿಯನ್ನು ನುಡಿಸದೆ ಮುಚ್ಚಿಕೊಳ್ಳಲು ಎಡಗಡೆ ಗಾಳಿಯ ಗುಂಡಿಯೊಂದಿದೆ. ಅದನ್ನು ಒತ್ತಿದರೆ ಸ್ವರ ಬರುವುದಿಲ್ಲ, ಆದರೆ ‘ಉಸ್ಸ್’ ಎಂದು ಗಾಳಿ ಹೋಗುವುದು ಕೇಳುತ್ತದೆ. ಮೊದಲು ಹಾಡಿಗೆ ಒಮ್ಮೆ ಬೇಕಾಗುತ್ತಿದ್ದದ್ದು ಈಗ ಏಳೆಂಟು ಸಲ ಬೇಕಾಗುತ್ತಿತ್ತು. ಆಶ್ಚರ್ಯವೆಂದರೆ ಯಾರೂ ಅದರ ಬಗ್ಗೆ ಏನೂ ಹೇಳಲಿಲ್ಲ. ಅವನಿಗೆ ಕಿರಿಕಿರಿಯಾದದ್ದು ಬೇರೆಯೇ ವಿಷಯಕ್ಕೆ.

“ಮೇಸ್ತ್ರಿಗೆ ಏನಾಗಿದೆ?” ಎಂದು ಅವನು ಮನೆಗೆ ಬಂದು ಗೊಣಗಿದ. “ಎಲ್ಲೆಂದರಲ್ಲಿ ಡ್ರಮ್ಮಿನ ಆ ಹಿತ್ತಾಳೆ ತಟ್ಟೆ ಬಾರಿಸ್ತಾನೆ. ಹಾಡು ಕೇಳೋದೇ ಬೇಡ್ವಾ? ವಯಸ್ಸಾದ ಮೇಲೆ ಕೈ ಹಿಡಿತ ತಪ್ಪುತ್ತೆ.”

“ಅವರು ನಿಮಗಿಂತ ಎರಡು ವರ್ಷ ಚಿಕ್ಕೋರು,” ಎಂದಳು ಹೆಂಡತಿ.

ಆರನೆಯ ಕಾರ್ಯಕ್ರಮ ಚಪ್ಪಲಿ ಅಂಗಡಿಯಲ್ಲಿ. ಎರಡು ಕಪಾಟುಗಳ ನಡುವೆ ಕೂರಿಸಿದ್ದರು; ಎಡಗೈ ಅರ್ಧ ಚಾಚಿದರೆ ರಟ್ಟಿನ ಡಬ್ಬಗಳಿಗೆ ತಗಲುತ್ತಿತ್ತು. ಮೂರನೆಯ ಹಾಡಿನಲ್ಲಿ ಎಳೆತ ಬೇಕೇ ಬೇಕಾಯಿತು, ಅವನು ಎಳೆದ. ಹನ್ನೆರಡು ಜೊತೆ ಬೂಟುಗಳು ನೆಲಕ್ಕೆ ಬಿದ್ದವು. ಸ್ವರ ಮಾತ್ರ ಬಿಡಲಿಲ್ಲ. ಗಿರಾಕಿಗಳು ಅದೂ ಕಾರ್ಯಕ್ರಮದ ಭಾಗವೆಂದು ಚಪ್ಪಾಳೆ ತಟ್ಟಿದರು. ಅಂಗಡಿಯವನು ತಟ್ಟಲಿಲ್ಲ.

ಹೀಗೆ ಹದಿನಾರು ಮುಗಿದವು. ಒಂದು ಸ್ವರವೂ ತಪ್ಪಲಿಲ್ಲ. ಐವತ್ತೆಂಟರ ವಯಸ್ಸಿನಲ್ಲಿ ಒಬ್ಬ ಮನುಷ್ಯ ತನ್ನ ಉಸಿರಾಟವನ್ನೇ ಐದು ದಿನದಲ್ಲಿ ಹೊಸದಾಗಿ ಕಲಿತದ್ದು ನನಗೆ ಆಗ ತಿಳಿದಿರಲಿಲ್ಲ, ತಿಳಿದಿದ್ದರೂ ನಂಬುತ್ತಿರಲಿಲ್ಲ.

ಹದಿನೇಳನೆಯದು ಪುರಭವನದಲ್ಲಿ, ಸಂಜೆ ಆರಕ್ಕೆ. ಆರುನೂರು ಕುರ್ಚಿಗಳೂ ತುಂಬಿ, ಹಿಂದೆ ಗೋಡೆಗೆ ಒರಗಿ ಜನ ನಿಂತಿದ್ದರು. ಮೊದಲ ಸಾಲಿನಲ್ಲಿ ಅಳಿಯ, ಮಡಿಲಲ್ಲಿ ಮೊಬೈಲು. ಮೂರನೆಯ ಸಾಲಿನಲ್ಲಿ ಪೆಟ್ಟಿಗೆಯ ಹೆಂಡತಿ, ಪಕ್ಕದಲ್ಲಿ ನಾನು. ಆಗಲೇ ಅವಳು ನನ್ನ ಕಿವಿಯಲ್ಲಿ ಗುಟ್ಟನ್ನು ಹೇಳಿದ್ದು. ಇಷ್ಟು ದಿನ ಹೊತ್ತುಕೊಂಡು ಸಾಕಾಗಿತ್ತೋ ಏನೋ.

ಕೊನೆಯ ಹಾಡು ಬಂತು. ತಂಗಿ ಕಣ್ಣು ಮುಚ್ಚಿ ಹಾಡುತ್ತಿದ್ದಳು. ಧಾಟಿ ಇಳಿಯುತ್ತ ಇಳಿಯುತ್ತ ಹನ್ನೊಂದನೆಯ ಮನೆಗೆ ಬಂದು ನಿಂತಿತು. ಒಂದು, ಎರಡು. ಎಂಟಾಯಿತು. ಅವಳು ನಿಲ್ಲಿಸಲಿಲ್ಲ.

“ಅಯ್ಯೋ, ಮರೆತಳು,” ಎಂದಳು ಹೆಂಡತಿ.

ತಿದಿಗೆ ಹದಿನೆಂಟು ನೆರಿಗೆಗಳು. ನೆರಿಗೆ ಎಣಿಸುವುದು ಅವಳ ಕಸುಬು, ಕೂತಲ್ಲಿಂದಲೇ ಎಣಿಸತೊಡಗಿದಳು. “ನಾಲ್ಕು ಉಳಿದಿವೆ.” ಒಳಕ್ಕೆ ಒತ್ತಿದರೆ ಸ್ವರ ಸತ್ತುಹೋಗುತ್ತದೆ, ಆರುನೂರು ಜನರೆದುರು, ಅಳಿಯನೆದುರು. ಎಳೆಯಲು ಇರುವುದು ಒಂದು ಗೇಣು. ಅವನು ಎಳೆತವನ್ನು ನಿಧಾನಿಸಿದ. ನಾಲಿಗೆ ನಡುಗಲು ತೊಡಗುವಾಗ ಬೇಕಾದಷ್ಟು ಗಾಳಿ, ಒಮ್ಮೆ ತೊಡಗಿದ ಮೇಲೆ ಬೇಕಾಗುವುದಿಲ್ಲ. ಎಷ್ಟು ಕಡಿಮೆಯಾದರೂ ಸಾಕು ಎಂಬುದನ್ನು ಅವನ ತೋಳು ಆಗ ಹುಡುಕುತ್ತಿತ್ತು. ಸ್ವರ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ದಾರದಷ್ಟಾಯಿತು. ತಂಗಿ ಕಣ್ಣು ತೆರೆದಳು. ನಿಲ್ಲಿಸಲಿಲ್ಲ, ತನ್ನ ದನಿಯನ್ನೂ ಅಷ್ಟಕ್ಕೇ ಇಳಿಸಿದಳು. ಮೇಸ್ತ್ರಿ ಎರಡೂ ಕೋಲುಗಳನ್ನು ತೊಡೆಯ ಮೇಲಿಟ್ಟು, ಅಂಚೆಯವನನ್ನು ಕೈ ಎತ್ತಿ ತಡೆದ.

“ಎರಡು,” ಎಂದಳು ಹೆಂಡತಿ. ಆಮೇಲೆ ಎಣಿಸಲಿಲ್ಲ.

ಮುಂದಿನ ಸಾಲಿನವರು ಕೇಳಿಸಿಕೊಳ್ಳಲು ಮುಂದಕ್ಕೆ ಬಾಗಿದರು. ಅವರ ಹಿಂದಿನವರು, ಅವರ ಹಿಂದಿನವರು. ಗಾಳಿಗೆ ಬಾಗಿದ ಪೈರಿನಂತೆ ಇಡೀ ಪುರಭವನ ಒಂದೇ ಕಡೆಗೆ ಬಾಗಿತು. ಗೋಡೆಯ ಗಡಿಯಾರ ಕೇಳಿಸುತ್ತಿತ್ತು. ಹದಿನಾರನೆಯ ಎಣಿಕೆಗೆ ತಂಗಿ ನಿಲ್ಲಿಸಿದಳು. ಅದೇ ಕ್ಷಣಕ್ಕೆ ಅವನೂ ಬೆರಳೆತ್ತಿದ. ತೋಳು ಪೂರ್ತಿ ಚಾಚಿತ್ತು.

ಬೆರಗು ಎಂಬ ಮಾತನ್ನು ಅಗ್ಗವಾಗಿ ಬಳಸುವುದು ನನಗೆ ಹಿಡಿಸುವುದಿಲ್ಲ. ಆ ಹೊತ್ತಿಗೆ ಬೇರೆ ಮಾತಿಲ್ಲ. ಚಪ್ಪಾಳೆ ತಟ್ಟಬೇಕೆಂಬುದು ಜನರಿಗೆ ನೆನಪಾಗಲು ಬಹಳ ಹೊತ್ತು ಹಿಡಿಯಿತು.

ನಾವು ವೇದಿಕೆಯ ಹಿಂದೆ ಹೋದಾಗ ತಂಗಿ ಅಳುತ್ತ, “ಮರೆತೇಬಿಟ್ಟೆ ಅಣ್ಣ,” ಎನ್ನುತ್ತಿದ್ದಳು. ಮೇಸ್ತ್ರಿ ಡ್ರಮ್ಮಿನ ತಿರುಪು ಸಡಿಲಿಸುತ್ತಿದ್ದವನು ತಲೆ ಎತ್ತದೆ ಕೇಳಿದ: “ಒತ್ತೋ ನಾಲಿಗೆ ಯಾವಾಗ ಮುರಿದೆ?”

ಪೆಟ್ಟಿಗೆ ವಾದ್ಯವನ್ನು ಎದೆಯಿಂದ ಇಳಿಸಿದ.

“ಮೂವತ್ತೊಂದು ವರ್ಷ ನಿನ್ನ ಎಡಗಡೆ ಕೂತಿದ್ದೀನಿ ಕಣಯ್ಯ. ನಿನ್ನ ತಿದಿ ನೋಡ್ಕೊಂಡೇ ನಾನು ತಾಳ ಹಾಕೋದು. ಮೊದಲನೇ ದಿನ, ಎರಡನೇ ಹಾಡಿಗೇ ಗೊತ್ತಾಯ್ತು. ನೀನು ಉಸ್ಸ್ ಅಂದಾಗೆಲ್ಲ ತಟ್ಟೆ ಬಾರಿಸಿ ಮುಚ್ಚಿದ್ದು ಯಾರು ಅಂದ್ಕೊಂಡೆ?”

“ನಿನಗೆ ವಯಸ್ಸಾಯ್ತು ಅಂದ್ಕೊಂಡೆ.”

“ಆಯ್ತು. ಹದಿನೇಳು ಶೋ ನಿನ್ನ ಹಿಂದೆ ಓಡಿ ಆಯ್ತು.”

“ಹೇಳ್ಬಾರದಿತ್ತಾ?”

“ಹೇಳಿದ್ರೆ ಹೆದರ್ಕೊಂಡು ಎಡವ್ತಿದ್ದೆ. ಎಷ್ಟು ದೂರ ಹೋಗ್ತೀಯ ನೋಡೋಣ ಅಂತ ಸುಮ್ಮನಿದ್ದೆ.”

ಆಗ ಅಳಿಯ ಬಂದ, ಮೊಬೈಲನ್ನು ಕೈಯಲ್ಲಿ ಹಿಡಿದುಕೊಂಡೇ. “ಅಂಕಲ್, ಹದಿನಾರು ಎಣಿಕೆ ಪೂರ್ತಿ ಮುಳ್ಳು ಹಸಿರಲ್ಲೇ ಇತ್ತು. ಅಲ್ಲಾಡ್ಲೇ ಇಲ್ಲ.” ಇಳಿದಿದ್ದ ನಾಲಿಗೆ ಮುರಿದುಹೋಗಿ ಸರಿಯಿದ್ದದ್ದು ಮಾತ್ರ ಉಳಿದಿದೆ ಎಂದು ಅವನಿಗೆ ಯಾರೂ ಹೇಳಲಿಲ್ಲ.

ಮೇಸ್ತ್ರಿ ಅವನ ಕಡೆ ತಿರುಗಿದ. “ನಿನ್ನ ಕೀಬೋರ್ಡಲ್ಲಿ ಮುರಿಯೋಂಥದ್ದು ಏನಾದ್ರೂ ಇದ್ಯಾ?”

“ಏನೂ ಇಲ್ಲ ಮಾವ. ಐದು ವರ್ಷ ಗ್ಯಾರಂಟಿ.”

“ಹಾಗಿದ್ರೆ ಮನೇಲೇ ಇಟ್ಕೋ. ಮಗಳಿಗೆ ನಾನು ಹೇಳ್ಕೋತೀನಿ.”

ಹೊಸ ನಾಲಿಗೆ ತಿಂಗಳ ಕೊನೆಗೆ ಅಂಚೆಯಲ್ಲಿ ಬಂತು, ತಂದುಕೊಟ್ಟವನು ಗಿಟಾರಿನವನೇ. ಪೆಟ್ಟಿಗೆ ಅದನ್ನು ಕೂರಿಸಿದ, ಎರಡು ಸಲ ಕೆರೆದ, ಕೈ ತೆಗೆದ. ಕೊನೆಯ ಉಜ್ಜು ಕೊಡಲಿಲ್ಲ. ಕೆಂಪು ನೀಲಿ ಬಾಣಗಳ ಆರ್ಡರ್ ಪುಸ್ತಕವನ್ನು ಹೆಂಡತಿ ನನಗೆ ತೋರಿಸಿದಳು. ಎಂಬತ್ತೊಂಬತ್ತು ಪುಟ, ಒಂದೂ ಚಿತ್ತಿಲ್ಲ. ಈ ವರ್ಷ ಆ ಪುಸ್ತಕ ಬೇಕಿಲ್ಲ. ಆದರೂ ಮೊನ್ನೆ ತಾಲೀಮಿನಲ್ಲಿ ಕೊನೆಯ ಹಾಡು ಬಂದಾಗ ಅವನು ತಿದಿಯನ್ನು ಅರ್ಧ ತೆರೆದುಕೊಂಡೇ ಆ ಸ್ವರಕ್ಕೆ ಬಂದನಂತೆ, ಮೇಸ್ತ್ರಿ ಕೋಲುಗಳನ್ನು ತೊಡೆಯ ಮೇಲಿಟ್ಟನಂತೆ.