ಪೈಲ್ವಾನರ ಮನೆಯ ಗಂಜಿ

ನನ್ನ ಅಣ್ಣನ ಮಗಳು ಕುಸ್ತಿಗೆ ಆಯ್ಕೆಯಾದ ಸುದ್ದಿಯನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದವಳು ನಾನು. ಇಂಗ್ಲಿಷಿನಲ್ಲಿ ಏನೇ ಬರಲಿ, ಓದಿ ಹೇಳುವುದು ಬಿ.ಕಾಂ. ಮುಗಿಸಿದಾಗಿನಿಂದ ನನ್ನ ಪಾಲಿನ ಕೆಲಸ. ಹಲಸೂರಿನ ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹಗಲು ದೊಮ್ಮಲೂರಿನ ಆಫೀಸೊಂದರಲ್ಲಿ ಫೈಲು ಜೋಡಿಸಿ, ಸಂಜೆ ಕಾಲೇಜಿಗೆ ಹೋಗಿ ಓದಿದೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಈಗ ಅದೇ ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ.

ಏಷ್ಯಾದ ಹಲವು ದೇಶಗಳ ಹದಿಹರೆಯದ ಮಕ್ಕಳು ಒಂದೇ ಊರಿನಲ್ಲಿ ಸೇರಿ ಈಜು, ಓಟ, ಕಬಡ್ಡಿ, ಕುಸ್ತಿ ಎಲ್ಲವನ್ನೂ ಆಡುವ ಕ್ರೀಡಾಕೂಟ ಅದು. ನಮ್ಮ ಹುಡುಗಿಯದು ಐವತ್ತಮೂರು ಕೆ.ಜಿ. ವಿಭಾಗ. ಹೊರಡುವ ಮುಂಚೆ ತೂಕ ಹಾಕುತ್ತಾರೆ, ಗಡಿ ದಾಟಿದ್ದರೆ ಅವಳ ಬದಲು ಆಯ್ಕೆಯಲ್ಲಿ ಎರಡನೆಯವಳಾಗಿದ್ದ ಹುಡುಗಿ ಹೋಗುತ್ತಾಳೆ. ನಮ್ಮವಳು ಗಡಿಗಿಂತ ಸ್ವಲ್ಪ ಮೇಲಿದ್ದಳು. ಅವಳ ಕೋಚ್ ಬೆಳಗಾವಿ ಕಡೆಯವರು. ಉಪವಾಸ ಬೇಡ, ಕರಿದದ್ದು, ಸಿಹಿ, ತುಪ್ಪ ಬಿಟ್ಟರೆ ತಾನಾಗಿಯೇ ಇಳಿಯುತ್ತದೆ ಎಂದಿದ್ದರು.

ಇಳಿಯಲಿಲ್ಲ. ಹುಡುಗಿ ಕರಿದದ್ದು ಬಿಟ್ಟಳು, ಸಿಹಿ ಬಿಟ್ಟಳು, ಗೆಳತಿಯರ ಜೊತೆ ಶಿವಾಜಿನಗರದಲ್ಲಿ ಸಮೋಸ ತಿನ್ನುವುದನ್ನೂ ಬಿಟ್ಟಳು. ಬೆಳಗ್ಗೆ ರಾಗಿ ಗಂಜಿ, ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ಆದರೂ ವಾರದ ಕೊನೆಗೆ ಕೋಚ್ ನನಗೆ ಫೋನ್ ಮಾಡಿದರು.

"ಮೇಡಮ್ಮಾರ, ಹುಡುಗಿ ಏನೂ ತಿನ್ನೂದಿಲ್ಲ ಅಂತೀರಿ. ತೂಕ ನೋಡಿದ್ರ ಏರಾಕತ್ತೈತಿ. ಎಲ್ಲಿಂದ ಬರ್ತೈತ್ರೀ ಇದು?"

ನನಗೂ ಗೊತ್ತಿರಲಿಲ್ಲ. ಅಣ್ಣ ಅತ್ತಿಗೆ ಹೂವಿನ ಅಂಗಡಿಗೆಂದು ಬೆಳಕು ಹರಿಯುವ ಮೊದಲೇ ಹೊರಡುವವರು, ಹುಡುಗಿಯ ಊಟ ತಿಂಡಿಯೆಲ್ಲ ನಮ್ಮ ಅಮ್ಮನ ಕೈಯಲ್ಲಿ. ಒಂದು ಭಾನುವಾರ ಹುಡುಗಿ ಗಂಜಿ ಕುಡಿದಿಟ್ಟ ಲೋಟವನ್ನು ತೊಳೆಯಲು ತೆಗೆದುಕೊಂಡೆ. ನೀರು ಬಿಟ್ಟರೆ ಮಣಿಮಣಿಯಾಗಿ ಜಾರಿಹೋಯಿತು. ಬೆರಳಾಡಿಸಿದೆ, ಜಿಡ್ಡು. ಮೂಸಿದೆ, ತುಪ್ಪ. ತಳದಲ್ಲಿ ಅರೆದ ಬಾದಾಮಿಯ ತರಿಯೂ ಇತ್ತು.

ಹುಡುಗಿಯನ್ನು ಕೇಳಿದರೆ, ಈಚೆಗೆ ಗಂಜಿ ಬಹಳ ರುಚಿಯಾಗಿದೆ ಅಂತ ಅನಿಸಿತ್ತು ಅತ್ತೆ, ಆದರೆ ಯಾಕೆ ಅಂತ ಕೇಳುವ ಮನಸ್ಸಾಗಲಿಲ್ಲ ಎಂದಳು.

ಅಮ್ಮ ಅಡಗಿಸಲೂ ಇಲ್ಲ, ಹೆದರಲೂ ಇಲ್ಲ. ಅವಳ ಅಪ್ಪ, ಅಂದರೆ ನನ್ನ ತಾತ, ಹಲಸೂರಿನ ಗರಡಿಯಲ್ಲಿ ಹೆಸರು ಮಾಡಿದ ಪೈಲ್ವಾನರು. ಪಂದ್ಯ ಗೊತ್ತಾದರೆ ಸಾಕು, ಆ ಮನೆಯಲ್ಲಿ ತುಪ್ಪ, ಬಾದಾಮಿ, ಹಾಲು ಇಷ್ಟೇ ಮಾತು. ಪಂದ್ಯಕ್ಕೆ ಹೋಗುವವರನ್ನು ಒಣಗಿಸಿ ಕಳಿಸಿದವರನ್ನು ಅವಳು ಕಂಡೇ ಇಲ್ಲ.

"ಪೈಲ್ವಾನ್ರ ಮನೆ ಹುಡ್ಗಿ ಕಣೇ ಅವಳು. ಗಂಜಿ ನೀರು ಕುಡಿಸಿ ಫಾರಿನ್‌ಗೆ ಕಳ್ಸಿದ್ರೆ ನೋಡಿದೋರು ಏನಂತಾರೆ? ನೀನು ಓದಿರೋಳು, ನೀನೇ ಹೇಳು."

ಓದಿದವಳು ಅಂತಲೇ ಹೇಳಿದೆ. ಮೊಬೈಲಿನಲ್ಲಿದ್ದ ನಿಯಮಗಳನ್ನೆಲ್ಲ ಒಂದೊಂದಾಗಿ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, ತಕ್ಕಡಿ ಇರಬೇಕಾದ್ದು ಮಾರ್ಕೆಟಿನಲ್ಲಿ ಎಂದು ಎದ್ದುಹೋದಳು. ಮಾತಿನಿಂದ ಆಗುವ ಕೆಲಸ ಇದಲ್ಲ ಎಂದು, ಮರುದಿನ ಆಫೀಸಿಗೆ ರಜೆ ಹಾಕಿ ಅವಳನ್ನು ಮೆಟ್ರೋದಲ್ಲಿ ಕೂರಿಸಿಕೊಂಡು ಅಭ್ಯಾಸ ನಡೆಯುವಲ್ಲಿಗೆ ಹೋದೆ.

ಕೋಚ್ ಅಮ್ಮನಿಗೆ ಕುರ್ಚಿ ಹಾಕಿಸಿದರು. ಏನೂ ವಿವರಿಸಲಿಲ್ಲ. ಕೆ.ಆರ್. ಪುರದಿಂದ ಬರುವ, ನಮ್ಮವಳಿಗಿಂತ ದೊಡ್ಡ ವಿಭಾಗದ ಹುಡುಗಿಯೊಬ್ಬಳನ್ನು ಕರೆದು, ಹುಷಾರಾಗಿ ಆಡು ಎಂದು ಹೇಳಿ ಜೋಡಿ ಬಿಟ್ಟರು. ನಮ್ಮ ಹುಡುಗಿ ಕಾಲು ಹಿಡಿಯಲು ನುಗ್ಗಿದಳು. ಆ ಹುಡುಗಿ ಮೈಭಾರವನ್ನೆಲ್ಲ ಅವಳ ಬೆನ್ನ ಮೇಲೆ ಬಿಟ್ಟಳು, ಅಷ್ಟೇ. ನಮ್ಮವಳು ಚಾಪೆಗೆ ಅಂಟಿಕೊಂಡಳು. ಎದ್ದು ಮತ್ತೆ ಹಿಡಿದರೂ ಅದೇ ಗತಿ.

"ಅವ್ವಾ, ತೂಕದ ಗೆರಿ ದಾಟಿದ್ರ ಈ ಸಲ ಮನ್ಯಾಗ ಕುಂದ್ರಬೇಕು. ಮುಂದ ಆಡಿದ್ರೂ ಇಂಥಾಕಿನ ಜೋಡಿನ ಆಡಬೇಕು" ಎಂದರು ಕೋಚ್.

ಅಮ್ಮ ಕುರ್ಚಿಯಿಂದ ಎದ್ದುಹೋಗಿ ಮೊಮ್ಮಗಳ ತೋಳು ಮುಟ್ಟಿ ನೋಡಿದಳು. ಆಮೇಲೆ ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ತಾತನ ಗೆಲುವುಗಳ ಕತೆ ಕೇಳಿಯೇ ಬೆಳೆದವಳು ನಾನು. ಅವರು ಕುಸ್ತಿ ಬಿಟ್ಟದ್ದು ಯಾಕೆಂದು ಯಾರೂ ಹೇಳಿರಲಿಲ್ಲ.

"ನಮ್ಮಪ್ಪನ್ನ ಎಮ್ಮೆಯಂಥೋನ್ ಮುಂದೆ ಬಿಟ್ಬಿಟ್ರು. ತೋಳು ಹೋಯ್ತು. ಆಮೇಲೆ ಅನ್ನದ ತುತ್ತೂ ಎಡಗೈಲೇ. ಅದಕ್ಕೇ ಕಣೇ, ಇವಳು ಗಟ್ಟಿಯಾಗಿರ್ಲಿ ಅಂತ ಹಾಕ್ತಿದ್ದೆ." ಚಾಪೆಯ ಕಡೆ ನೋಡುತ್ತ, "ಸಮಸಮ ಇರೋರನ್ನೇ ಬಿಡ್ತಾರೆ ಅಂದ್ರೆ, ಆ ತಕ್ಕಡಿ ಒಳ್ಳೇದೇ" ಎಂದಳು.

ಅಂದಿನಿಂದ ನಮ್ಮ ಮನೆಯಲ್ಲಿ ಕೋಚಿಗಿಂತ ಅಮ್ಮನ ಕಾಟವೇ ಹೆಚ್ಚಾಯಿತು. ನಮ್ಮ ಕಡೆ ದೂರ ಹೋಗುವವರಿಗೆ ನೆಂಟರೆಲ್ಲ ಸರದಿಯಂತೆ ಊಟ ಹಾಕಬೇಕು, ಬೇಡ ಅಂದರೆ ಮುನಿಸು. ದೊಮ್ಮಲೂರಿನ ಚಿಕ್ಕಮ್ಮ ಹಿತಕಿದ ಅವರೆಬೇಳೆ ಸಾರು, ಒಬ್ಬಟ್ಟು ಮಾಡಿಕೊಂಡು ಬಂದೇಬಿಟ್ಟರು. ಅಮ್ಮ ಬಾಗಿಲಲ್ಲೇ ಡಬ್ಬಿ ಈಸಿಕೊಂಡಳು. ಹುಡುಗಿಯ ಪಾಲಿನದನ್ನು ಅವಳ ಅತ್ತೆ ತಿಂದರೂ ಒಂದೇ ಎಂದು ತೀರ್ಮಾನಿಸಿ ನನ್ನ ಮುಂದಿಟ್ಟಳು. ಟಿನ್ ಫ್ಯಾಕ್ಟರಿ ಹತ್ತಿರದ ಮಾವನ ಮನೆಗೂ ನಾನೇ ಹೋಗಿ ಉಂಡು ಬಂದೆ. ಹುಡುಗಿಯ ತೂಕ ಇಳಿಯುತ್ತ ಬಂದ ಹಾಗೆ ನನ್ನ ರವಿಕೆಗಳು ಬಿಗಿಯಾದವು.

ತೂಕ ಹಾಕುವ ದಿನ ಅಮ್ಮನೂ ಬಂದಳು. ನಮ್ಮನ್ನು ಒಳಗೆ ಬಿಡಲಿಲ್ಲ. ಎರಡನೆಯವಳಾಗಿದ್ದ ಹುಡುಗಿಯೂ ಅವಳ ತಾಯಿಯ ಜೊತೆ ಅದೇ ಬೆಂಚಿನ ಆ ತುದಿಯಲ್ಲಿ ಕೂತಿದ್ದಳು. ಆಕೆಗೂ ಆಸೆ ಇದ್ದೇ ಇರುತ್ತದೆ. ಅವರ ಕಡೆ ನೋಡಲೂ ಆಗದೆ, ನೋಡದೆ ಇರಲೂ ಆಗದೆ ನಾನು ಗೋಡೆಯನ್ನು ನೋಡುತ್ತಿದ್ದೆ.

ನಮ್ಮವಳು ಹೊರಗೆ ಬಂದು ಅಜ್ಜಿಯ ಕಿವಿಯ ಹತ್ತಿರ ಬಗ್ಗಿದಳು. ಆ ಹುಡುಗಿಗೆ ಕೇಳಿಸದಿರಲಿ ಎಂದು ಮೆಲ್ಲಗೆ ಹೇಳಿದಳು.

"ಆಯ್ತು ಅಜ್ಜಿ. ಒಂದು ನಿಂಬೆಹಣ್ಣಿನಷ್ಟು ಕೆಳಗಿದೀನಿ."

ಅಲ್ಲಿಂದ ಮೂವರೂ ಹೋಟೆಲಿಗೆ ಹೋದೆವು. ಹುಡುಗಿ ಮಸಾಲೆ ದೋಸೆ ಕೇಳಿದಳು. ಬಂದ ದೋಸೆಯ ಅರ್ಧವನ್ನು ಅಮ್ಮ ಮುರಿದು ತನ್ನ ತಟ್ಟೆಗೆ ಹಾಕಿಕೊಂಡಳು. "ಅಲ್ಲೂ ತೂಕ ಹಾಕ್ತಾರಂತಲ್ಲ, ನಿಮ್ಮತ್ತೆ ಓದಿ ಹೇಳಿದ್ಲು."

ಹುಡುಗಿ ಹೋದಳು. ಮೊದಲ ಪಂದ್ಯ ಗೆದ್ದಳು, ಎರಡನೆಯದರಲ್ಲಿ ತನ್ನಷ್ಟೇ ಮೈಕಟ್ಟಿನ ಹುಡುಗಿಗೆ ಸೋತಳು. ಪದಕ ಬರಲಿಲ್ಲ. ಈಗ ಬೆನ್ನ ಮೇಲೆ ದೇಶದ ಹೆಸರಿರುವ ಟ್ರ್ಯಾಕ್‌ಸೂಟು ಹಾಕಿಕೊಂಡು ಹಲಸೂರು ಮಾರ್ಕೆಟಿಗೆ ಹೋಗುತ್ತಾಳೆ. ಮನೆಯಲ್ಲಿ ಸೊಪ್ಪು ಇದ್ದರೂ ಸೊಪ್ಪು ತರೋಣ ಬಾ ಎಂದು ಅವಳನ್ನು ಹೊರಡಿಸುವವಳು ಅಮ್ಮ.